ಕಟ್ಟು ಹಾಕಿಸಿದ ಚಿತ್ರ

"ಕೆಡವಬೇಡ ಕಣೇ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಷ್ಟು ಚೆನ್ನಾಗಿ ಜೋಡ್ಸಿ ಮತ್ತೆ ಕಿತ್ತಾಕ್ತೀಯಲ್ಲ, ನಿಂಗೇನು ಹುಚ್ಚಾ?"

ರಂಗಮ್ಮ ಅಡುಗೆಮನೆಯಿಂದ ಕೂಗುತ್ತಲೇ ಓಡಿಬಂದಳು. ಹಳೆಯ ಕೇರಂ ಬೋರ್ಡಿನ ಮೇಲೆ ಐನೂರು ರಟ್ಟಿನ ಚೂರುಗಳ ಚಿತ್ರ ಪೂರ್ತಿಯಾಗಿತ್ತು. ಯಾವುದೋ ದೇಶದ ಹಿಮದ ಬೆಟ್ಟ, ಅದರ ಬುಡದಲ್ಲಿ ಕೆರೆ, ದಡದಲ್ಲೊಂದು ಹಳದಿ ದೋಣಿ. ಒಂದು ಮೂಲೆಗೆ ಬೆರಳು ಹಾಕಿದ್ದ ದೊಡ್ಡ ಮಗಳು ಮಂಜುಳಾ ಹಾಗೇ ಕೂತಳು. ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು, ಕಾಲ್ಗುಣ ಸರಿಯಿಲ್ಲ ಅನ್ನಿಸಿಕೊಂಡು ಕಣಕಟ್ಟೆಯ ತವರಿಗೆ ಮರಳಿದವಳು. ಈ ಚೂರುಗಳ ಡಬ್ಬಿಯನ್ನು ತಮ್ಮ ಚೇತನ್‌ಕುಮಾರ್ ಮೈಸೂರಿನ ದಸರಾ ವಸ್ತುಪ್ರದರ್ಶನದಿಂದ ತಂದುಕೊಟ್ಟಿದ್ದ. ಅಂದಿನಿಂದ ಜೋಡಿಸುವುದು, ಕೆಡವುವುದು, ಮತ್ತೆ ಜೋಡಿಸುವುದು. ತನಗೆ ಏನಾಗಿದೆ ಅನ್ನುವುದನ್ನು ಅವಳು ಮರೆತಿರುತ್ತಿದ್ದದ್ದು ಆಗ ಮಾತ್ರ.

"ಮುಗಿದ್ಮೇಲೆ ಇನ್ನೇನವ್ವ ಮಾಡ್ಲಿ? ಕೆಡವಿದ್ರೆ ತಾನೆ ನಾಳೆ ಕೂರೋಕೆ ಏನಾರ ಇರೋದು?"

"ನಾಳೆಗೆ ಮನೆ ತುಂಬ ಕೆಲ್ಸ ಐತೆ. ಭಾನುವಾರ ಬೇಲೂರಿಂದ ದಿವ್ಯಾನ ನೋಡೋಕೆ ಬತ್ತಾವ್ರೆ, ಎಸ್ಟಿಡಿ ಬೂತಿಗೆ ಫೋನ್ ಬಂದಿತ್ತು. ಹುಡುಗ ಹೈಸ್ಕೂಲ್ ಮೇಷ್ಟ್ರು. ಹುಡುಗಿ ಕೈಕೆಲ್ಸ ಏನೈತೆ ತೋರ್ಸಿ ಅಂದ್ರೆ ಏನ್ ತೋರ್ಸಾನ? ಇದ್ನೇ ಅಂಟ್ಸಿ ಕಟ್ಟು ಹಾಕ್ಸಾನ. ನಿನ್ ತಂಗಿಗೆ ಒಂದು ವೈರ್ ಬುಟ್ಟಿ ಹಾಕೋಕೂ ಬರಾಕಿಲ್ಲ."

ಅದೂ ನಿಜವೇ. ಹೆಣ್ಣು ನೋಡಲು ಬಂದವರ ಮುಂದೆ ಮಣಿಯ ಗಿಳಿ, ವೈರ್ ಬುಟ್ಟಿ, ಕಸೂತಿಯ ದಿಂಬಿನ ಕವರು ಹುಡುಗಿಗಿಂತ ಮುಂಚೆ ಬಂದು ಕೂರಬೇಕು. ಅವನ್ನು ಹಾಕಿದ್ದು ಚಿಕ್ಕಮ್ಮನೋ ಪಕ್ಕದ ಮನೆಯವಳೋ, ಯಾರೂ ಕೆದಕುವುದಿಲ್ಲ.

"ಹಂಗಾರೆ ಹಿಂಗೇ ಬೋರ್ಡ್ ಮೇಲೇ ತೋರ್ಸವ್ವ. ಅವ್ರು ಹೋದ್ಮೇಲೆ ನಂಗೆ ಬಿಟ್ಬಿಡು. ಗೋಂದು ಮಾತ್ರ ಹಾಕ್ಬೇಡ. ಒಂದ್ಸಲ ಅಂಟಿಸಿದ್ರೆ ಮುಗೀತು, ಮತ್ತೆ ಬಿಚ್ಚೋಕಾಗಲ್ಲ."

"ನೆಲದ್ ಮೇಲೆ ಬಿದ್ದಿರೋದ್ನ ಯಾರು ನೋಡ್ತಾರೆ? ಗೋಡೆ ಮೇಲಿದ್ರೇ ಅದಕ್ಕೊಂದು ಕಳೆ," ಅಂದಳು ರಂಗಮ್ಮ. ಮಾತು ಅಲ್ಲಿಗೆ ಮುಗಿಯಿತು.

ಚೇತನ್ ಚಿತ್ರದ ಮೇಲೊಂದು ಹಲಗೆ ಇಟ್ಟ. ಎರಡೂ ಕಡೆ ಹಿಡಿದು ರೊಟ್ಟಿಯ ಹಾಗೆ ಮಗುಚಿದರು. ಬೆಟ್ಟ, ಕೆರೆ, ದೋಣಿ ಎಲ್ಲ ಅಡಿಗೆ ಹೋಗಿ ಬೂದು ಬಣ್ಣದ ಬೆನ್ನಷ್ಟೇ ಕಂಡಿತು. ದಿವ್ಯಾ ಹಳೆಯ ಟೂತ್‌ಬ್ರಷ್‌ನಲ್ಲಿ ಗೋಂದು ಬಳಿದಳು. "ಅಕ್ಕ, ಈ ಮೂಲೆ ಏಳ್ತಾ ಐತೆ, ಸ್ವಲ್ಪ ಒತ್ತಿ ಹಿಡ್ಕೊಳೇ," ಎಂದಳು. ಮಂಜುಳಾ ಒತ್ತಿ ಹಿಡಿದಳು. ಹಿಂದೆ ದಪ್ಪ ರಟ್ಟು ಅಂಟಿಸಿ, ರಾಗಿ ಮೂಟೆ ಹೇರಿ ಒಣಗಲು ಬಿಟ್ಟರು. ಆಮೇಲೆ ಅರಸೀಕೆರೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವವನು ಗಾಜು ಕೂರಿಸಿ ಚಿನ್ನದ ಬಣ್ಣದ ಪಟ್ಟಿ ಬಡಿದುಕೊಟ್ಟ. ಮಂಜುಳಾಗೆ ಅಳು ಬರಲಿಲ್ಲ, ಸಿಟ್ಟು ಬಂತು. ತವರಿಗೆ ಮರಳಿದ ಹೆಣ್ಣಿನ ಸಿಟ್ಟನ್ನು ಕೇಳುವವರು ಯಾರು? ನುಂಗಿಕೊಂಡು ಭಾನುವಾರದ ಉಪ್ಪಿಟ್ಟಿಗೆ ರವೆ ಹುರಿದಳು.

ಹುಡುಗನ ತಾಯಿ ಚಲುವಮ್ಮ ಕಾಫಿ ಲೋಟ ಹಿಡಿದುಕೊಂಡೇ ಎದ್ದುಹೋಗಿ ಗೋಡೆಯ ಮುಂದೆ ನಿಂತುಬಿಟ್ಟರು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಅಬ್ಬಬ್ಬಾ, ಎಷ್ಟೊಂದು ಚೂರು! ಯಾರು ಜೋಡ್ಸಿದ್ದು ಇದನ್ನ?"

"ಇನ್ಯಾರು, ನಮ್ ದಿವ್ಯಾನೇ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ರಂಗಮ್ಮನಿಗೆ ಒಂದೇ ಸಾಕಾಯಿತು. ದಿವ್ಯಾ ತಲೆ ತಗ್ಗಿಸಿದಳು. ಬಂದವರು ಅದನ್ನು ನಾಚಿಕೆ ಅಂದುಕೊಂಡರು.

"ಕಾಲ್ಗುಣ ಏನಿದ್ರೂ ಮನೆಗೆ ಬಂದ್ಮೇಲೆ ಗೊತ್ತಾಗೋದು. ಕೈಗುಣ ಇಲ್ಲೇ ಕಾಣ್ತೈತಲ್ಲ!" ಚಲುವಮ್ಮನ ಮುಖ ಅರಳಿತ್ತು. "ಇಷ್ಟು ತಾಳ್ಮೆ ಇರೋ ಹುಡ್ಗೀನೇ ನಮಗೆ ಬೇಕಾಗಿದ್ದು ಕಣ್ರೀ. ಇದನ್ನೂ ಅವಳ ಜೊತೇಲೇ ಕಳಿಸ್ಬಿಡಿ. ನಮ್ಮನೆ ನಡುಮನೇಲಿ ಹಾಕ್ತೀವಿ."

"ಅಯ್ಯೋ, ಅದಕ್ಕೇನಂತೆ! ನಿಮ್ದೇ ಅಂದ್ಕೊಳಿ," ಎಂದಳು ರಂಗಮ್ಮ, ಒಂದು ಗಳಿಗೆಯೂ ಯೋಚಿಸದೆ.

ಹೊರಡುವ ಮುಂಚೆ ಚಲುವಮ್ಮ ಕೈ ತೊಳೆಯಲು ಹಿತ್ತಲಿಗೆ ಬಂದರು. ಬಂದವರ ಎದುರಿಗೆ ಸುಳಿಯಬೇಡ ಅನ್ನಿಸಿಕೊಂಡಿದ್ದ ಮಂಜುಳಾ ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಡುಮನೆಯ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಎದ್ದು ಚೊಂಬಿನಲ್ಲಿ ನೀರು ಹಾಕಿದಳು.

"ದೊಡ್ಡೋಳು ನೀನೇ ಏನವ್ವ?"

ಮಂಜುಳಾ ಹೂಂ ಅಂದಳು. ಚಲುವಮ್ಮ ಅವಳ ಬರಿಹಣೆ ನೋಡಿದರು. ಕೆಟ್ಟ ಹೆಂಗಸೇನಲ್ಲ, ಕರುಳು ಚುರುಕ್ ಅಂದಿತು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು:

"ಇನ್ನೂ ಚಿಕ್ ವಯಸ್ಸು, ಪಾಪ. ನಿನ್ ತಂಗಿ ನಮ್ಮನೆಗೆ ಬರೋದ್ರೊಳಗೆ ಆ ಚಿತ್ರ ಜೋಡ್ಸೋದ್ನ ಅವಳ ಹತ್ರ ಕಲ್ತ್ಕೊಂಡ್ಬಿಡವ್ವ. ನಿಂಗೂ ಹೊತ್ತು ಹೋಯ್ತದೆ."