ಐದು ಗಂಟೆಯ ರೈಲು

ಜಪಾನಿನ ಆ ಕಡಲೂರಿನಲ್ಲಿ ಎರಡು ದಿನ ಹಾಯಾಗಿ ಕಳೆದು ಗೆಳತಿಯರಿಬ್ಬರೂ ಹೊರಟು ನಿಂತರು. ಐದು ಗಂಟೆಯದೇ ಕೊನೆಯ ರೈಲು. ಅವರು ಉಳಿದುಕೊಂಡಿದ್ದ ಮನೆಯ ಯಜಮಾನರು ಮಾತ್ರ ಇನ್ನೂ ನಿಶ್ಚಿಂತೆಯಿಂದ ಮೀನು ಸುಡುತ್ತಿದ್ದರು.

“ನಾಳೆ ಬೆಳಿಗ್ಗೆ ಟೋಕಿಯೋದಲ್ಲಿ ನನ್ನ ಇಂಟರ್ವ್ಯೂ ಕಣೇ! ಹೇಳೇ ಅವರಿಗೆ,” ಇಳಾ ಗಡಿಯಾರ ನೋಡುತ್ತ ಅವಸರಪಡಿಸಿದಳು.

ಜಪಾನಿ ಬಲ್ಲ ನಂದಿತಾ ಮೂರನೇ ಸಲ ಹೇಳಿ ನೋಡಿದಳು. “ತಿಂದೇ ಹೋಗಬೇಕಂತೆ. ರೈಲು ಎಲ್ಲೂ ಹೋಗಲ್ವಂತೆ.”

“ಇವರೇನು ಅದನ್ನ ಹಿತ್ತಿಲಲ್ಲಿ ಕಟ್ಟಿಹಾಕಿದಾರಾ?”

ಇಳಾ ಗಬಗಬನೆ ನುಂಗಿ ಚೀಲ ಹೆಗಲಿಗೇರಿಸಿದಳು. ಯಜಮಾನರು ಸಾವಕಾಶವಾಗಿ ಕೈ ತೊಳೆದು ಒಳಗೆ ಹೋದರು.

“ಇನ್ನು ಕಾಯೋಕಾಗಲ್ಲ, ಓಡು!” ಎಂದು ಅವಳು ಹೊಸ್ತಿಲು ದಾಟುವಷ್ಟರಲ್ಲಿ, ರೈಲು ಚಾಲಕನ ನೀಲಿ ಸಮವಸ್ತ್ರ ತೊಟ್ಟ ಯಜಮಾನರು ಟೋಪಿ ಸರಿಪಡಿಸಿಕೊಳ್ಳುತ್ತ ಹೊರಗೆ ಬಂದರು.