ಒಣಗದ ಮಡಿ

ಬಿಡದ ಮಳೆಗೆ ನಾಗರಪಂಚಮಿಯ ಬೆಳಿಗ್ಗೆಯೂ ರಾಯರ ಹೆಂಡತಿಯ ಮಡಿಸೀರೆ ಒಣಗಿರಲಿಲ್ಲ. ಮಡಿ ಉಡದೆ ಆಕೆ ಒಲೆ ಹಚ್ಚುವವಳಲ್ಲ, ಒಲೆ ಹಚ್ಚದೆ ಅರಸಿನ ಎಲೆಯ ಕಡುಬಿಲ್ಲ. ರಾಯರು ವರ್ಷವಿಡೀ ಕಾದಿದ್ದು ಆ ಕಡುಬಿಗೆ.

ಅಳಿಯ ತಂದುಕೊಟ್ಟ ಯಂತ್ರವೊಂದು ಸೀರೆ ಹರವಿದ ಕೋಣೆಯ ತೇವವನ್ನೆಲ್ಲ ಹೀರಿ ನೀರು ಮಾಡುತ್ತಿತ್ತು. ಆದರೆ ಒಳಗಿನ ಡಬ್ಬಿ ತುಂಬಿದ ಕೂಡಲೇ ಕೀಂ ಎಂದು ನಿಂತುಬಿಡುತ್ತಿತ್ತು.

“ಹೋಗಿ ಚೆಲ್ಲಿ ಬರ್ತೇನೆ ಮಾರಾಯ್ತಿ.”

“ಗಳಿಗೆಗೊಮ್ಮೆ ಒಳಗೆ ಹೊರಗೆ ಓಡಾಡಿ ಸೀರೆ ಮುಟ್ಟಿದ್ರೆ? ಮಡಿ ಹೋಯ್ತು ಅಂತ್ಲೇ ಲೆಕ್ಕ.”

“ಹಾಗಾದ್ರೆ ಒಂದೇ ಸಲ ಬಿಡು. ಪೈಪ್ ಹಾಕಿ ಬರ್ತೇನೆ, ನೀರು ತನ್ನಷ್ಟಕ್ಕೆ ಬಚ್ಚಲಿಗೆ ಹೋಗ್ತದೆ.”

ರಾಯರು ಉಸಿರು ಬಿಗಿಹಿಡಿದು, ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ಒಳಗೆ ನಡೆದರು.

“ಆಚೆ ಸರೀರಿ! ಹೊಟ್ಟೆ ಒಳಗೆ ಎಳ್ಕೊಳ್ಳಿ!” ಹೊಸ್ತಿಲಾಚೆಯಿಂದ ಹೆಂಡತಿ ಕೂಗಿದಳು.

ಯಂತ್ರವನ್ನು ಮಣೆಯ ಮೇಲೆ ಎತ್ತರಿಸಿ, ಹಿಂದಿನ ರಬ್ಬರ್ ಬಿರಡೆ ಕಿತ್ತು, ಪೈಪ್ ಸಿಕ್ಕಿಸಿ, ಗೋಡೆಯ ತೂತಿನಿಂದ ಇಳಿಜಾರಾಗಿ ಪಕ್ಕದ ಬಚ್ಚಲಿಗೆ ಬಿಟ್ಟರು. ಆಮೇಲೆ ಯಂತ್ರ ಒಮ್ಮೆಯೂ ಕೀಂ ಅನ್ನಲಿಲ್ಲ.

ಮಧ್ಯಾಹ್ನವಾದರೂ ಅಡುಗೆಮನೆಯಲ್ಲಿ ಸದ್ದಿಲ್ಲ. ಬಚ್ಚಲಲ್ಲಿದ್ದ ಹೆಂಡತಿಯನ್ನು ರಾಯರು ಬಾಗಿಲಲ್ಲಿ ನಿಂತು ಕೇಳಿದರು: “ಸೀರೆ ಇನ್ನೂ ಒಣಗ್ಲಿಲ್ವಾ?”

“ಹತ್ತು ಗಂಟೆಗೇ ಗರಿಗರಿ ಆಗಿತ್ತು.”

“ಮತ್ತೆ ಒಲೆ ಯಾಕೆ ಹಚ್ಚಲಿಲ್ಲ?”

“ನಿಮ್ಮ ಪೈಪಿನ ಬಾಯಿಗೆ ಕೊಡ ಇಟ್ಟಿದ್ದೆ, ಅರ್ಧ ಕೊಡ ನೀರು ಬಂದಿತ್ತು ನೋಡಿ, ಯಾರೂ ಮುಟ್ಟದ್ದು. ಅಷ್ಟು ಮಡಿನೀರು ಚೆಲ್ಲಲಿಕ್ಕೆ ಮನಸ್ಸು ಬರ್ಲಿಲ್ಲ, ಅದರಲ್ಲೇ ಸೀರೆ ಇನ್ನೊಮ್ಮೆ ಹಿಂಡಿ ಹಾಕಿದೆ.”