ಹೆಬ್ಬೆಟ್ಟಿನ ಗೆರೆ

ನ್ಯಾಯಬೆಲೆ ಅಂಗಡಿಯ ಯಂತ್ರ ಆಕೆಯ ಹೆಬ್ಬೆಟ್ಟನ್ನು ನಾಲ್ಕನೇ ಸಲವೂ ಒಪ್ಪಲಿಲ್ಲ. ಬೆರಳನ್ನು ಸೆರಗಿಗೆ ಉಜ್ಜಿ ಮತ್ತೆ ಒತ್ತಿದಳು. ಕೆಂಪು ದೀಪವೇ ಬಂತು.

“ಬೆರಳಲ್ಲಿ ಗೆರೆಯೇ ಇಲ್ವಲ್ಲವ್ವಾ! ಮನೇಲಿ ಬೇರೆ ಯಾರಾದ್ರೂ ಇದ್ರೆ ಕಳ್ಸು, ಅವರ ಹೆಬ್ಬೆಟ್ಟು ನಡೆಯುತ್ತೆ,” ಎಂದ ಅಂಗಡಿಯವನು.

“ಯಾರೂ ಇಲ್ಲ ಸ್ವಾಮಿ. ಕಾರ್ಡಲ್ಲಿ ನಾನೊಬ್ಬಳೇ.”

“ಹಾಗಾದ್ರೆ ಮೊಬೈಲ್ ತೆಗಿ. ಅದಕ್ಕೊಂದು ನಂಬರ್ ಬರುತ್ತೆ, ಅದನ್ನ ಹೇಳಿದ್ರೆ ಅಕ್ಕಿ ಹಾಕ್ತೀನಿ.”

“ಮೊಬೈಲೂ ಇಲ್ಲ. ಹೋದ ತಿಂಗಳೂ ಬರೀ ಚೀಲ ಹಿಡ್ಕೊಂಡು ಹೋದೆ. ಈಗ ಮನೇಲಿ ಒಂದು ಕಾಳೂ ಇಲ್ಲ ಸ್ವಾಮಿ.”

ಹಿಂದೆ ನಿಂತಿದ್ದವನು ತನ್ನ ಹೊಸ ಫೋನಿನಿಂದ ತಲೆಯೆತ್ತಿ ನಕ್ಕ. “ಈ ಕಾಲದಲ್ಲೂ ಮೊಬೈಲ್ ಇಲ್ವೇನಕ್ಕಾ? ನಾನು ವರ್ಷಕ್ಕೊಂದು ಬದಲಾಯಿಸ್ತೀನಿ. ಮೊದಲೇ ಸಿಕ್ಕಿದ್ರೆ ಹಳೇದನ್ನ ನಿಂಗೇ ಕೊಡ್ತಿದ್ದೆ.”

“ಹಳೇದನ್ನ ಏನು ಮಾಡಿದ್ರಿ ಅಣ್ಣಾ?”

“ಮರುಬಳಕೆ ಕಾರ್ಖಾನೆಯೋರು ಬಸ್‌ಸ್ಟ್ಯಾಂಡ್ ಹತ್ರ ಡಬ್ಬಿ ಇಟ್ಟಿದ್ದಾರೆ. ಅಲ್ಲಿಗಂಟ ಯಾರು ಹೋಗ್ತಾರೆ? ಬಾಗಿಲಿಗೆ ಬಂದ ಗುಜರಿಯವನಿಗೆ ಕೊಟ್ಟೆ.”

ಆಕೆ ಖಾಲಿ ಚೀಲವನ್ನು ನಿಧಾನವಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

“ಹಾಗಿದ್ರೆ ಅದು ನನಗೇ ಸಿಕ್ಕಿದೆ ಅಣ್ಣಾ. ಆ ಗುಜರಿ ಬಂದು ಬೀಳೋದು ನಮ್ಮ ಶೆಡ್ಡಿಗೆ. ಫೋನು ಒಡೆದು, ಬರಿಗೈಲಿ ಆಸಿಡ್ಡಿಗೆ ಅದ್ದಿ, ಅದರೊಳಗಿನ ಚಿನ್ನ ತೆಗೆದು ಸಾಹುಕಾರನಿಗೆ ಕೊಡೋಳು ನಾನೇ. ಈ ಬೆರಳಿನ ಗೆರೆ ಕರಗಿದ್ದೂ ಆ ಆಸಿಡ್ ಬಾನೀಲೇ.”